ಬೆಂಕಿ ಹತ್ತದ ಪ್ಲಾಸ್ಟಿಕ್: "ಯಾರಿಗಾದರೂ ಹೊಳೆಯುವಂಥದ್ದು" ಅಂತ ಪೇಟೆಂಟ್ ಆಫೀಸ್ ಹೇಳಿದರೆ ಏನು ಮಾಡಬೇಕು?

ಬೆಂಕಿ ತಡೆಯುವ ನಿಮ್ಮ ಪ್ಲಾಸ್ಟಿಕ್ ಮಿಶ್ರಣಕ್ಕೆ ಪೇಟೆಂಟ್ ಕೇಳಿದರೆ ಪರೀಕ್ಷಕರು ಹೀಗೆ ಆಕ್ಷೇಪ ಎತ್ತಿದ್ದಾರೆ, "ಈ ಮಿಶ್ರಣ ಇದುವರೆಗೆ ಯಾರೂ ಮಾಡಿಲ್ಲ" ಅಂತ ವಾದಿಸಲಾ ಎಂದು ಕೇಳಿದ್ದೀರಿ. ಬೇಡ. ಅದು ಹೊಸತನಕ್ಕೆ ಉತ್ತರ ಆಯ್ತು ಅಷ್ಟೇ. ಪರೀಕ್ಷಕರ ಪ್ರಶ್ನೆ ಬೇರೆ: ಈ ಕಸುಬು ಬಲ್ಲವರಿಗೆ ಇದು ತಾನಾಗೇ ಹೊಳೆಯುತ್ತಿತ್ತಾ?

ಕುಶಾಲನಗರದಲ್ಲಿ ನಾವು ಕಾಫಿ ತೋಟದ ಪಂಪ್‌ಹೌಸ್‌ಗಳಿಗೆ ಸ್ಟಾರ್ಟರ್ ಬಾಕ್ಸ್ (ಮೋಟರ್ ಸ್ವಿಚ್ಚಿನ ಪೆಟ್ಟಿಗೆ) ಮಾಡುತ್ತಿದ್ದೆವು. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್‌ಗೆ ಬೆಂಕಿ ತಡೆಯಲು ಅಮೋನಿಯಂ ಪಾಲಿಫಾಸ್ಫೇಟ್, ಪೆಂಟಾಎರಿಥ್ರಿಟಾಲ್ ಅನ್ನೋ ಎರಡು ಪುಡಿ ಬೆರೆಸುತ್ತಿದ್ದೆವು. ಬೆಂಕಿ ತಗುಲಿದರೆ ಉಬ್ಬಿ ಕರಿ ಪದರ ಕಟ್ಟುತ್ತೆ, ಒಳಗೆ ಬಿಸಿ ಇಳಿಯಲ್ಲ. ಇದು ಹಳೇ ವಿದ್ಯೆ. ಆದರೆ ಆ ಫಾಸ್ಫೇಟ್ ನೀರು ಎಳೆಯುತ್ತೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆ ಮುಗಿಯುವಷ್ಟರಲ್ಲಿ ಬಾಕ್ಸ್ ಮೇಲೆಲ್ಲ ಬಿಳಿ ಪುಡಿ, ಮುಟ್ಟಿದರೆ ಅಂಟಂಟು, ಕತ್ತರಿಸಿ ಬೆಂಕಿ ಹಿಡಿದರೆ ಉರಿದು ತೊಟ್ಟಿಕ್ಕುತ್ತಿತ್ತು. ಇನ್ನೊಂದು ಪುಡಿ ಸ್ವಲ್ಪ ಬೆರೆಸಿದ ಮೇಲೆ ಮಳೆ ತಿಂದ ಬಾಕ್ಸೂ ಯುಎಲ್ 94 ಅನ್ನೋ ಬೆಂಕಿ ಪರೀಕ್ಷೆಯಲ್ಲಿ ವಿ-0 ದರ್ಜೆ ಪಾಸಾಯಿತು: 10 ಸೆಕೆಂಡಿನಂತೆ ಎರಡು ಸಲ ಜ್ವಾಲೆ ಹಿಡಿದರೂ ಪ್ರತಿ ಸಲ 10 ಸೆಕೆಂಡಿನೊಳಗೆ ಆರಿತು, ಕೆಳಗಿಟ್ಟ ಹತ್ತಿಗೆ ಕಿಡಿ ಬೀಳಲಿಲ್ಲ.

ಅರ್ಜಿಯಲ್ಲಿ ಬರೆದದ್ದು ಮಾತ್ರ "ವಿ-0 ಬಂತು" ಅಂತ. ಕೇಸ್ ಬಿದ್ದದ್ದು ಅಲ್ಲೇ. ಒಂದು ಹಳೇ ದಾಖಲೆಯಲ್ಲಿ ಫಾಸ್ಫೇಟ್ ಮಿಶ್ರಣಕ್ಕೆ ವಿ-0 ಇತ್ತು, ಇನ್ನೊಂದರಲ್ಲಿ ನಮ್ಮ ಪುಡಿಯೂ ಬೆಂಕಿ ತಡೆಯುತ್ತೆ ಅಂತ ಇತ್ತು. ಎರಡೂ ಸೇರಿಸಿದರೆ ವಿ-0 ಬರೋದರಲ್ಲಿ ವಿಶೇಷ ಏನು ಅಂದರು ಪರೀಕ್ಷಕರು. ಜೊತೆಗೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಇ), ಬರೀ ಬೆರಕೆಗೆ ಪೇಟೆಂಟ್ ಇಲ್ಲ ಅಂತ. ಹೊಸ ಬಾಕ್ಸಿನ ಮಟ್ಟಿಗೆ ಅವರ ಮಾತು ಸರಿಯೇ. ಯಾರೂ ಊಹಿಸದ್ದು ನಡೆದಿದ್ದು ಮಳೆಗಾಲದ ನಂತರ, ಮತ್ತು ಮಳೆಯ ಮಾತೇ ಅರ್ಜಿಯಲ್ಲಿ ಇರಲಿಲ್ಲ. ಪುಡಿ ಇಲ್ಲದ ಬಾಕ್ಸ್ ಪಕ್ಕದಲ್ಲೇ ನೆನೆದು ಕೆಟ್ಟಿತ್ತು, ಆ ಹೋಲಿಕೆಯ ಒಂದು ಪಟ್ಟಿ ಸಾಕಾಗುತ್ತಿತ್ತು. ಆಮೇಲೆ ತುರುಕಲು ಸೆಕ್ಷನ್ 59 ಬಿಡಲ್ಲ, ಮೂಲದಲ್ಲಿ ಇಲ್ಲದ್ದನ್ನು ತಿದ್ದುಪಡಿಯಲ್ಲಿ ತರುವ ಹಾಗಿಲ್ಲ.

ಆದ್ದರಿಂದ ಮಿಶ್ರಣದಲ್ಲಿ ಯಾವುದು ಎಷ್ಟು ಶೇಕಡಾ ಅನ್ನೋದನ್ನು ಹಿಡಿದು ಜಗಳ ಆಡಬೇಡಿ. ನಿಮ್ಮ ಅರ್ಜಿ ತೆಗೆದು, ನಿರೀಕ್ಷೆಗೆ ಮೀರಿದ ಗುಣ ಒಂದು ಸಾಲಿನಲ್ಲಾದರೂ ಇದೆಯಾ ನೋಡಿ. ಇದ್ದರೆ ಮೊದಲ ಪದಾರ್ಥ ಮಾತ್ರ ಇರುವ ತುಂಡು, ಎರಡನೆಯದು ಮಾತ್ರ ಇರುವ ತುಂಡು, ಎರಡೂ ಇರುವ ತುಂಡು, ಮೂರನ್ನೂ ಒಂದೇ ದಿನ ಸುಟ್ಟು, ಫಲಿತಾಂಶವನ್ನು ಅಫಿಡವಿಟ್ ಮಾಡಿ ಕೊಡಿ. ಪೇಟೆಂಟ್ ಆಫೀಸ್ ಆಕ್ಷೇಪಗಳ ವರದಿ ಕಳಿಸಿದ ದಿನದಿಂದ 6 ತಿಂಗಳೊಳಗೆ ಉತ್ತರ ಹೋಗಬೇಕು, ವಿಚಾರಣೆಯನ್ನೂ ಕೇಳಿ.

ಆ ಸಾಲು ಇಲ್ಲವಾದರೆ ಹೈಕೋರ್ಟ್ ಮೇಲ್ಮನವಿಗೆ ದುಡ್ಡು ಸುರಿಯಬೇಡಿ. ಮಿಶ್ರಣ ಇನ್ನಷ್ಟು ಸುಧಾರಿಸಿ ಹೊಸ ಅರ್ಜಿ ಹಾಕಿ. ನಿಮ್ಮ ಹಳೇ ಅರ್ಜಿ ಪ್ರಕಟ ಆಗಿದ್ದರೆ ಅದೂ ಈಗ ನಿಮ್ಮ ಎದುರಿನ ದಾಖಲೆಯೇ, ಹೋಲಿಕೆಯ ಪಟ್ಟಿಯಲ್ಲಿ ಅದನ್ನೂ ಸೇರಿಸಿ.