ಒಂದೇ ಹೆಸರಿನ ಮೂವರಲ್ಲಿ ನಿಮ್ಮ ಪೂರ್ವಜ ಯಾರು?

ನಿಮ್ಮ ತಾಯಿಯ ಕಡೆಯ ಹಿರಿಯರೊಬ್ಬರು 1890ರ ದಶಕದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕೋಲಾರದ ಚಿನ್ನದ ಗಣಿಗೆ ಬಂದು ಅಲ್ಲಿಯೇ ಸಂಸಾರ ಹೂಡಿದರೆಂದೂ, ಅವರ ತಂದೆ ವಿಲಿಯಂ, ತಾತ ಥಾಮಸ್ ಎಂಬಲ್ಲಿಯವರೆಗೆ ದಾಖಲೆ ಸಿಕ್ಕಿದೆಯೆಂದೂ ಬರೆದಿದ್ದೀರಿ. ತಾತನ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ; ಅಲ್ಲಿಯವರ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಆ ಚರ್ಚಿನ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು) ಬಹಳ ಸಣ್ಣದು. ಅಲ್ಲಿ 1790ರ ದಶಕದಲ್ಲಿ ಅದೇ ಮನೆತನದ ಹೆಸರಿನ ಮೂವರು ಥಾಮಸ್‌ರಿಗೆ ದೀಕ್ಷಾಸ್ನಾನವಾಗಿದೆ. ಅಂತರ್ಜಾಲದ ವಂಶವೃಕ್ಷಗಳು ಒಂದೊಂದೂ ಒಬ್ಬೊಬ್ಬ ಥಾಮಸ್‌ನನ್ನು ಹಿಡಿದಿವೆ. ಯಾರನ್ನು ನಂಬಬೇಕು ಎಂಬುದು ನಿಮ್ಮ ಪ್ರಶ್ನೆ. ನನ್ನ ಪತ್ನಿಯ ತವರಿನವರು ಕಾರ್ನ್‌ವಾಲ್‌ನವರೇ ಆದುದರಿಂದ ಈ ಗೋಜಲು ನನಗೆ ಚೆನ್ನಾಗಿ ಗೊತ್ತು.

ಸದ್ಯಕ್ಕೆ ಯಾವ ವಂಶವೃಕ್ಷವನ್ನೂ ನಂಬಬೇಡಿ. ನಿಮ್ಮ ಥಾಮಸ್‌ನೊಬ್ಬನನ್ನೇ ಹುಡುಕುವುದನ್ನು ಬಿಟ್ಟು, ಆ ಪ್ಯಾರಿಷ್‌ನಲ್ಲಿ ಆ ಮನೆತನದ ಹೆಸರುಳ್ಳ ಪ್ರತಿಯೊಬ್ಬರ ದೀಕ್ಷಾಸ್ನಾನ, ಮದುವೆ, ಸಮಾಧಿಯ ನಮೂದುಗಳನ್ನೂ ಸುಮಾರು 1740ರಿಂದ 1850ರವರೆಗೆ ಬರೆದುಕೊಂಡು, ಅವರನ್ನು ಸಂಸಾರ ಸಂಸಾರವಾಗಿ ವಿಂಗಡಿಸಿ. ಪಟ್ಟಣದಲ್ಲಿ ಇದು ಆಗದ ಕೆಲಸ. ಕೆಲವೇ ನೂರು ಜನರಿದ್ದ ಹಳ್ಳಿಯಲ್ಲಿ ಖಂಡಿತ ಆಗುತ್ತದೆ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವ ಹಾಗೆ ಅಲ್ಲಿಯೂ ಇಡುತ್ತಿದ್ದರು. ಆದುದರಿಂದ ಒಬ್ಬ ಹಿರಿಯ ಥಾಮಸ್‌ಗೆ ಮೂವರು ಗಂಡುಮಕ್ಕಳಿದ್ದರೆ ಹತ್ತು ವರ್ಷದೊಳಗೆ ಮೂವರು ಕಿರಿಯ ಥಾಮಸ್‌ಗಳು ಹುಟ್ಟುವುದು ಸಹಜ. ನಿಮಗೆ ಸಿಕ್ಕ ಮೂವರೂ ಅಣ್ಣತಮ್ಮಂದಿರ ಮಕ್ಕಳಾಗಿರುವ ಸಾಧ್ಯತೆಯೇ ಹೆಚ್ಚು.

ಅನಂತರದ ಕೆಲಸ ನಿಮ್ಮ ಥಾಮಸ್ ಆಗಿರಲಾರದವರನ್ನು ಒಬ್ಬೊಬ್ಬರನ್ನಾಗಿ ಕಳೆಯುತ್ತ ಹೋಗುವುದು. ಬಹಳ ಜನ ದೀಕ್ಷಾಸ್ನಾನ ಸಿಕ್ಕಿದೊಡನೆ ಸಂತೋಷಪಟ್ಟು ಸಮಾಧಿಯ ರಿಜಿಸ್ಟರನ್ನು ತೆರೆದೇ ನೋಡುವುದಿಲ್ಲ. ತಪ್ಪು ವಂಶವೃಕ್ಷಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಎರಡನೆಯ ವರ್ಷದಲ್ಲೇ ತೀರಿಹೋದ ಮಗುವಿನಿಂದ ವಂಶ ಬೆಳೆಸಿರುವ ವೃಕ್ಷಗಳನ್ನು ನಾನು ಕಂಡಿದ್ದೇನೆ. 1813ಕ್ಕೆ ಮೊದಲಿನ ಸಮಾಧಿ ನಮೂದುಗಳಲ್ಲಿ ವಯಸ್ಸು ಸಾಮಾನ್ಯವಾಗಿ ಇರುವುದಿಲ್ಲವಾದರೂ ಮಕ್ಕಳಾದರೆ ‘ಇಂಥವನ ಮಗ’ ಎಂದು ಅನೇಕ ಕಡೆ ಬರೆದಿರುತ್ತಾರೆ. ಅದೇ ದಂಪತಿಗೆ ಕೆಲವು ವರ್ಷಗಳ ಅನಂತರ ಮತ್ತೊಬ್ಬ ಥಾಮಸ್ ಹುಟ್ಟಿದ್ದರೆ ಮೊದಲನೆಯವನು ಅಷ್ಟರಲ್ಲಿ ತೀರಿಕೊಂಡಿದ್ದನೆಂದೇ ಬಹುಮಟ್ಟಿಗೆ ತಿಳಿಯಬಹುದು. 1 ಜನವರಿ 1813ರಿಂದ ಅಚ್ಚಾದ ನಮೂನೆಗಳು ಬಂದವು. ಅಲ್ಲಿಂದ ಮುಂದೆ ಸಮಾಧಿಯ ನಮೂದಿನಲ್ಲಿ ವಯಸ್ಸು ಮತ್ತು ವಾಸಸ್ಥಳ, ದೀಕ್ಷಾಸ್ನಾನದ ನಮೂದಿನಲ್ಲಿ ತಂದೆಯ ಕಸುಬು ಸಿಗುತ್ತವೆ.

ಮದುವೆಯ ರಿಜಿಸ್ಟರಿನಲ್ಲಿ ತಂದೆಯ ಹೆಸರು ಬರಲಾರಂಭಿಸಿದ್ದು 1837ರ ಜುಲೈಯಿಂದ ಮಾತ್ರ. ನಿಮ್ಮ ಥಾಮಸ್ 1820ರ ಸುಮಾರಿಗೆ ಮದುವೆಯಾಗಿರುವುದರಿಂದ ಆ ನೆರವು ನಿಮಗಿಲ್ಲ. ಆದರೆ 25 ಮಾರ್ಚ್ 1754ರಿಂದ ಜಾರಿಗೆ ಬಂದ, ಮದುವೆಗೆ ಸಂಬಂಧಿಸಿದ ಹಾರ್ಡ್‌ವಿಕ್ ಕಾಯಿದೆಯ ದೆಸೆಯಿಂದ ವಧೂವರರೂ ಸಾಕ್ಷಿಗಳೂ ಸಹಿ ಹಾಕಬೇಕಾಯಿತು; ಅಕ್ಷರ ಬಾರದವರು ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆದು ಶಿಲುಬೆಯ ಗುರುತು ಮಾಡುತ್ತಿದ್ದರು. ಪತ್ನಿಯ ವಂಶದಲ್ಲಿ ಒಂದೇ ಹೆಸರಿನ ಇಬ್ಬರು ಸೋದರ ಸಂಬಂಧಿಗಳನ್ನು ಬೇರ್ಪಡಿಸಿದ್ದು ಇದೇ. ಒಬ್ಬನದು ಗೀಟು, ಇನ್ನೊಬ್ಬನದು ಮೊದಲಕ್ಷರದ ಬಾಲವನ್ನು ಕೆಳಗಿನ ಸಾಲಿನವರೆಗೆ ಸುತ್ತಿಸಿ ಬರೆದ ಸಹಿ. ಆ ಬಾಲವುಳ್ಳ ಸಹಿ ಮುಂದೆ ಒಬ್ಬ ಹುಡುಗಿಯ ಮದುವೆಯಲ್ಲಿ ಸಾಕ್ಷಿಯಾಗಿ ಮತ್ತೆ ಕಂಡಿತು. ಆ ಹುಡುಗಿ ಯಾರ ಮಗಳೆಂಬುದು ಆಗಲೇ ಗೊತ್ತಿದ್ದುದರಿಂದ ಅವನು ಯಾವ ಮನೆಯವನೆಂಬುದಕ್ಕೆ ಬಲವಾದ ಸುಳಿವು ಸಿಕ್ಕಿತು. ಇಂಥದ್ದು ನಕಲು ಮಾಡಿದ ಪಟ್ಟಿಯಲ್ಲಿ ಸಿಗುವುದಿಲ್ಲ, ಮೂಲ ಪುಟದ ಚಿತ್ರವನ್ನೇ ನೋಡಬೇಕು.

ಇನ್ನೂ ಹಿಂದಕ್ಕೆ ಹೋಗುವಾಗ ಇಸವಿಯ ವಿಷಯದಲ್ಲಿ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ 1751ರವರೆಗೆ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಜೂನ್ 1720ರಲ್ಲಿ ಮದುವೆ, ಫೆಬ್ರವರಿ 1720ರಲ್ಲಿ ಮಗುವಿನ ದೀಕ್ಷಾಸ್ನಾನ ಎಂದು ಕಂಡರೆ ಮದುವೆಗೆ ಮೊದಲೇ ಮಗುವಾಯಿತೆಂದು ಅರ್ಥವಲ್ಲ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1721ರದು. ರಾಜ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಂತೆ 1538ರಲ್ಲಿ ಈ ರಿಜಿಸ್ಟರುಗಳು ಆರಂಭವಾದವಾದರೂ ಅಲ್ಲಿಂದಲೇ ಉಳಿದು ಬಂದಿರುವ ಪ್ಯಾರಿಷ್‌ಗಳು ಕಡಿಮೆ, ಮತ್ತು 1640–60ರ ಅಂತರ್ಯುದ್ಧ ಮತ್ತು ಅದರ ಅನಂತರದ ಕಾಲದಲ್ಲಿ ಬಹಳ ಕಡೆ ಬರವಣಿಗೆಯೇ ನಿಂತುಹೋಗಿದೆ. ಪುಟ ಹರಿದಿದ್ದರೆ ಅಥವಾ ಇಲಿ ತಿಂದಿದ್ದರೆ 1598ರ ಆಜ್ಞೆಯಿಂದ ವರ್ಷಕ್ಕೊಮ್ಮೆ ಬಿಷಪ್ಪರಿಗೆ ಕಳುಹಿಸುತ್ತಿದ್ದ ಪ್ರತಿಗಳನ್ನು ಹುಡುಕಬಹುದು. ಕಾರ್ನ್‌ವಾಲ್ 1876ರವರೆಗೆ ಎಕ್ಸೆಟರ್ ಬಿಷಪ್ಪರ ಅಧೀನದಲ್ಲಿ ಇದ್ದುದರಿಂದ ಆ ಪ್ರತಿಗಳಿಗಾಗಿ ಪಕ್ಕದ ಡೆವನ್‌ ಕೌಂಟಿಯ ಎಕ್ಸೆಟರ್‌ನಲ್ಲಿ ವಿಚಾರಿಸಬೇಕು.

ರಿಜಿಸ್ಟರುಗಳಿಗಿಂತಲೂ ನನಗೆ ಹೆಚ್ಚು ಪ್ರಿಯವಾದುವು ಬಡವರ ಕಾಗದಗಳು. 1662ರ ಕಾಯಿದೆಯ ಪ್ರಕಾರ ಕಷ್ಟ ಬಂದಾಗ ಒಬ್ಬನನ್ನು ಸಾಕುವ ಹೊಣೆ ಅವನ ‘ಸ್ವಂತ’ ಪ್ಯಾರಿಷ್‌ನದು; ಆದುದರಿಂದ ಹೊರಗಿನವನೊಬ್ಬ ಕಾಯಿಲೆಯಿಂದಲೋ ಕೆಲಸವಿಲ್ಲದೆಯೋ ನೆರವು ಬೇಡಿದೊಡನೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಎಲ್ಲಿ ಹುಟ್ಟಿದೆ, ಯಾರ ಬಳಿ ಕೆಲಸ ಕಲಿತೆ, ಎಲ್ಲೆಲ್ಲಿ ಆಳಾಗಿದ್ದೆ, ಹೆಂಡತಿ ಮಕ್ಕಳು ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಅರ್ಧ ಹಾಳೆಯಲ್ಲಿ ಒಬ್ಬ ಕೂಲಿಯವನ ಜೀವನಚರಿತ್ರೆಯೇ ಇರುತ್ತದೆ, ಕೊನೆಯಲ್ಲಿ ಅವನ ಗೀಟೂ ಇರುತ್ತದೆ. ಮದುವೆಯಾಗದ ಆಳು ಒಂದು ವರ್ಷ ಪೂರ್ತಿ ಒಬ್ಬನ ಬಳಿ ದುಡಿದರೆ ಅವನಿಗೆ ಆ ಪ್ಯಾರಿಷ್‌ನ ನೆರವಿನ ಹಕ್ಕು ಬರುತ್ತಿತ್ತು. ಅದನ್ನು ತಪ್ಪಿಸಲು ಎಷ್ಟೋ ಒಡೆಯರು 51 ವಾರಕ್ಕೆ ಮಾತ್ರ ಗೊತ್ತುಮಾಡಿಕೊಳ್ಳುತ್ತಿದ್ದರು. ಮದುವೆಯಿಲ್ಲದೆ ಹುಟ್ಟಿದ ಮಗುವಿದ್ದರೆ ರಿಜಿಸ್ಟರಿನಲ್ಲಿ ತಾಯಿಯ ಹೆಸರಷ್ಟೇ ಇದ್ದರೂ, ಮಗುವಿನ ಖರ್ಚಿಗಾಗಿ ಬರೆಸಿಕೊಂಡ ಮುಚ್ಚಳಿಕೆಯಲ್ಲಿ ತಂದೆಯೆನಿಸಿದವನ ಹೆಸರು ಇರಬಹುದು. ಪ್ಯಾರಿಷ್ ಲೆಕ್ಕದ ಪುಸ್ತಕದಲ್ಲಿ ಇಂಥವನಿಗೆ ಒಂದು ಜೊತೆ ಬೂಟು, ಇಂಥವಳಿಗೆ ಸೂಲಗಿತ್ತಿಯ ಕೂಲಿ, ಇಂಥವನ ಶವಪೆಟ್ಟಿಗೆಗೆ ಇಷ್ಟು ಶಿಲ್ಲಿಂಗ್ ಎಂದು ಬರೆದಿರುತ್ತದೆ. ನಿಮ್ಮವರು ಬಡ ಗಣಿಕಾರ್ಮಿಕರಾಗಿದ್ದರೆ ಹಣವಂತರಿಗಿಂತ ಅವರ ವಿಷಯವೇ ಹೆಚ್ಚು ತಿಳಿಯಬಹುದು.

ಉಯಿಲುಗಳನ್ನೂ ನೋಡಿ. 1942ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಎಕ್ಸೆಟರ್‌ನಲ್ಲಿದ್ದ ಉಯಿಲುಗಳು ಸುಟ್ಟುಹೋದುವು. ಕಾರ್ನ್‌ವಾಲ್ ಆರ್ಚ್‌ಡೀಕನ್‌ರ (ಬಿಷಪ್ಪರ ಕೈಕೆಳಗಿನ ಚರ್ಚ್ ಅಧಿಕಾರಿ) ನ್ಯಾಯಾಲಯದವು ಬೇರೆ ಕಡೆ ಇದ್ದುದರಿಂದ ಉಳಿದಿವೆ. ಮದುವೆಯಾಗದೆ ಸತ್ತ ಚಿಕ್ಕಪ್ಪನ ಉಯಿಲಿನಲ್ಲಿ ‘ನನ್ನ ಅಣ್ಣ ಜಾನ್‌ನ ಮಗ ಥಾಮಸ್‌ಗೆ’ ಎಂಬ ಒಂದು ಸಾಲು ಸಿಕ್ಕಿದರೆ ನಿಮ್ಮ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಬಹುದು. ಕಾರ್ನ್‌ವಾಲ್‌ನಲ್ಲಿ ಮೆಥಡಿಸ್ಟರು (ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಕ್ರೈಸ್ತ ಪಂಥದವರು) ಬಹಳ. ದೀಕ್ಷಾಸ್ನಾನ ಚರ್ಚಿನ ಪುಸ್ತಕದಲ್ಲಿ ಸಿಗದಿದ್ದರೆ ಅವರ ಪುಸ್ತಕಗಳನ್ನು ಹುಡುಕಿ, ಆದರೆ ಮದುವೆಯನ್ನಲ್ಲ, ಏಕೆಂದರೆ 1754ರಿಂದ 1837ರವರೆಗೆ ಕ್ವೇಕರರು (ಮತ್ತೊಂದು ಕ್ರೈಸ್ತ ಪಂಥದವರು) ಮತ್ತು ಯೆಹೂದ್ಯರನ್ನು ಬಿಟ್ಟು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲಿಯೇ ಮದುವೆಯಾಗಬೇಕಾಗಿತ್ತು.

ಬೆಂಗಳೂರಿನಲ್ಲಿ ಕುಳಿತೇ ಬಹಳಷ್ಟನ್ನು ಮಾಡಬಹುದು. ಫ್ಯಾಮಿಲಿಸರ್ಚ್, ಫ್ರೀರೆಗ್ ಎಂಬ ಜಾಲತಾಣಗಳು ಮತ್ತು ಕಾರ್ನ್‌ವಾಲ್‌ನ ಸ್ವಯಂಸೇವಕರು ನಡೆಸುವ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ ಜಾಲತಾಣ, ಮೂರರ ಹುಡುಕಾಟವೂ ಉಚಿತ. ಮೂಲ ಕಾಗದಗಳಿಗೆ ರೆಡ್‌ರೂತ್ ಪಟ್ಟಣದ ಹಳೆಯ ಬ್ರೂವರಿಯ ಜಾಗದಲ್ಲಿ 2019ರಲ್ಲಿ ತೆರೆದ ಕ್ರೆಸೆನ್ ಕೆರ್ನೋ ದಾಖಲೆ ಭಂಡಾರಕ್ಕೆ ಬರೆಯಿರಿ. ಪತ್ರದಲ್ಲಿ ವಂಶದ ಕಥೆ ಬೇಡ, ಪ್ಯಾರಿಷ್‌ನ ಹೆಸರು, ಕಾಗದದ ಬಗೆ, ಇಸವಿಗಳ ಮಿತಿ ಇಷ್ಟಿದ್ದರೆ ಉತ್ತರ ಬೇಗ ಬರುತ್ತದೆ.

ಇದಕ್ಕೆಲ್ಲ ಮೊದಲು 1851ರ ಜನಗಣತಿಯಲ್ಲಿ ನಿಮ್ಮ ಥಾಮಸ್ ಬದುಕಿದ್ದನೇ ಎಂದು ನೋಡಿ. 1841ರದರಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, ಹುಟ್ಟಿದ ಊರಂತೂ ಇಲ್ಲವೇ ಇಲ್ಲ. 1851ರದರಲ್ಲಿ ವಯಸ್ಸಿನ ಜೊತೆಗೆ ಹುಟ್ಟಿದ ಪ್ಯಾರಿಷ್ ಕೂಡ ಇರುತ್ತದೆ. ಅದು ಪಕ್ಕದ ಪ್ಯಾರಿಷ್ ಎಂದು ಬಂದರೆ ಆಶ್ಚರ್ಯಪಡಬೇಡಿ, ಗಣಿ ಕೆಲಸದವರು ಕೆಲಸ ಇದ್ದ ಕಡೆಗೆ ಹೋಗುತ್ತಿದ್ದರು; ಆಗ ನಿಮ್ಮ ಮೂವರು ಥಾಮಸ್‌ಗಳೂ ಬಿಟ್ಟುಹೋಗಿ ನಾಲ್ಕನೆಯವನೊಬ್ಬನನ್ನು ಹುಡುಕಬೇಕಾಗುತ್ತದೆ.