ಓದುಗರು ಕೇಳಿದ್ದು: ಕೊಲೆ ಪಿಚ್ಚರು ಅಂತ ಪೋಸ್ಟರಲ್ಲೇ ಹೇಗೆ ಗೊತ್ತಾಗ್ತದೆ?

ಪ್ರಶ್ನೆ: ನಮ್ಮ ಬಸ್‌ಸ್ಟ್ಯಾಂಡ್ ಗೋಡೆಯಲ್ಲಿ ಮಲಯಾಳ, ಕನ್ನಡ, ತುಳು ಮೂರೂ ಪೋಸ್ಟರ್ ಅಂಟಿಸಿರ್ತಾರೆ. ಅಜ್ಜಿಗೆ ಮಲಯಾಳ ಓದ್ಲಿಕ್ಕೆ ಬರೂದಿಲ್ಲ, ಆದ್ರೂ ರಸ್ತೆಯ ಆಚೆ ನಿಂತೇ "ಇದು ಕೊಲೆ ಪಿಚ್ಚರು" ಅಂತಾರೆ. ಅದು ಹೇಗೆ? (ಬದಿಯಡ್ಕದ ಓದುಗರು)

ಉತ್ತರ: ಅಜ್ಜಿ ನೋಡೂದು ಬೆಳಕನ್ನು. ಫ್ಯಾಮಿಲಿ ಸಿನಿಮಾದ ಪೋಸ್ಟರಲ್ಲಿ ಎಲ್ಲರ ಮುಖಕ್ಕೂ ಸಮ ಬೆಳಕು, ಎಲ್ಲರೂ ಹಲ್ಲು ಬಿಟ್ಕೊಂಡು ನಮ್ಮನ್ನೇ ನೋಡ್ತಿರ್ತಾರೆ, ಮದುವೆ ಆಲ್ಬಮ್ ಹಾಗೆ. ಥ್ರಿಲ್ಲರಲ್ಲಿ ಬೆಳಕು ಒಂದೇ ಮಗ್ಗುಲಿಂದ, ಅರ್ಧ ಮುಖ ಕತ್ತಲೆಗೆ ಹೋಗಿರ್ತದೆ, ಕಣ್ಣು ನೋಡ್ತಿರೂದು ಪೋಸ್ಟರಿನ ಹೊರಗೆ ಎಂತದನ್ನೋ. ಅದೆಂತ ಅಂತ ನಮ್ಗೆ ಕಾಣೂದಿಲ್ಲ, ಕೆಲಸ ಆಗೂದೇ ಅಲ್ಲಿ.

ಹಾಗಂತ ಕಪ್ಪು ಬೇಕೇ ಬೇಕು ಅಂತ ಇಲ್ಲ ಮಾರಾಯ್ರೆ. 1975ರ 'ಜಾಸ್' ಪೋಸ್ಟರ್ ನೋಡಿ, ಹಾಡಹಗಲು, ನೀಲಿ ನೀರು. ಮೇಲೆ ಒಬ್ಬಳು ಆರಾಮಾಗಿ ಈಜ್ತಾ ಇದ್ದಾಳೆ, ಕೆಳಗಿಂದ ಅವಳ ಎಷ್ಟೋ ಪಾಲು ದೊಡ್ಡ ಶಾರ್ಕ್ ನೆಟ್ಟಗೆ ಬಾಯಿ ತೆಗ್ದು ಬರ್ತಾ ಉಂಟು. ನಮ್ಗೆ ಗೊತ್ತುಂಟು, ಅವಳಿಗೆ ಗೊತ್ತಿಲ್ಲ. ಅಷ್ಟು ಸಾಕು.

ಪ್ರಶ್ನೆ: ನಾನು ಡಿಟಿಪಿ (ಕಂಪ್ಯೂಟರಲ್ಲಿ ಅಕ್ಷರ, ಪುಟ ಜೋಡಿಸೂದು) ಕೆಲಸ ಮಾಡೂದು. ಇಂಗ್ಲಿಷ್ ಟೈಟಲ್ ಚೂಪಾಗಿ ಮಾಡ್ಬಹುದು, ನಮ್ಮ ಅಕ್ಷರ ಜಿಲೇಬಿ ಹಾಗೆ ದುಂಡಗೆ, ಇದ್ರಲ್ಲಿ ಹೆದರಿಕೆ ಹುಟ್ಟಿಸ್ಲಿಕ್ಕೆ ಆಗ್ತದಾ? (ಕುಂಬಳೆಯ ಓದುಗರು)

ಉತ್ತರ: ಇದು ನಂಗೆ ತುಂಬ ಇಷ್ಟದ ಪ್ರಶ್ನೆ. ಇಂಗ್ಲಿಷಿನವರು ಸಪೂರ ಅಕ್ಷರಗಳನ್ನು ದೂರ ದೂರ ಇಟ್ಟು ಒಂಥರಾ ಚಳಿ ಹುಟ್ಟಿಸ್ತಾರೆ, ಅದನ್ನೇ ಕನ್ನಡದಲ್ಲಿ ಮಾಡ್ಲಿಕ್ಕೆ ಹೋದ್ರೆ ಕೊಂಬು, ದೀರ್ಘ ಎಲ್ಲ ದಿಕ್ಕಾಪಾಲಾಗಿ ಶಬ್ದವೇ ಒಡ್ದು ಹೋಗ್ತದೆ. ಆಗ ಎಂತ ಮಾಡ್ತಾರೆ, ಅಕ್ಷರದಿಂದ ರಕ್ತ ಸುರಿಸ್ತಾರೆ. ನಂಗೆ ಅದು ಕಂಡ್ರೆ ಆಗೂದಿಲ್ಲ, ಟೊಮೆಟೊ ಸಾಸ್ ಹಾಗೆ ಕಾಣ್ತದೆ. ಇಲ್ಲದಿದ್ರೆ ಬಿರುಕು ಬಿಡಿಸ್ತಾರೆ, ಅದ್ರಲ್ಲೂ ಒಂದು ಅಪಾಯ ಉಂಟು. 'ದಾಳಿ' ಅಂತ ಟೈಟಲ್ ಇಟ್ಕೊಂಡು ದಕಾರದ ಹೊಟ್ಟೆ ಕೆಳಗೆ ಸ್ಟೈಲಾಗಿ ಒಂದು ಸೀಳು ಹಾಕಿ ನೋಡಿ, ಅದು ಧಕಾರ ಆಗಿ 'ಧಾಳಿ' ಆಗ್ತದೆ (ಹೇಗೂ ಅರ್ಧ ಜನ ಹಾಗೇ ಬರೆಯೂದು, ಅದು ಬೇರೆ ವಿಷಯ). ಬ, ಡ, ಪ ಇವಕ್ಕೂ ಅದೇ ಕತೆ. ತಲಕಟ್ಟು ಪೂರ್ತಿ ಹಾರಿಸೂದೂ ಬೇಡ, ಗುಣಿತ ಕೂರೂದೇ ಆ ಜಾಗದಲ್ಲಿ, ಓದುವವ ತಡಕಾಡ್ತಾನೆ.

ನಾನಾದ್ರೆ ಒತ್ತಕ್ಷರ ಹಿಡೀತೇನೆ. 'ಕತ್ತಲೆ' ಅಂತ ಬರ್ದು ತಕಾರದ ಒತ್ತನ್ನು ಮಾತ್ರ ಕೆಳಗೆ ಉದ್ದಕ್ಕೆ ಎಳೀರಿ, ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ. ಇಂಗ್ಲಿಷಿನವರಿಗೆ ಈ ಒತ್ತು ಎಲ್ಲಿಂದ ಬರ್ಬೇಕು?

ಮತ್ತೆ ದುಂಡು ಅಂದ್ರೆ ಹೆದರಿಕೆ ಬರೂದಿಲ್ಲ ಅಂತ ಯಾರು ಹೇಳಿದ್ದು? 1958ರಲ್ಲಿ 'ವರ್ಟಿಗೋ' (ಅಂದ್ರೆ ತಲೆಸುತ್ತು) ಅನ್ನುವ ಥ್ರಿಲ್ಲರಿಗೆ ಡಿಸೈನರ್ ಸಾಲ್ ಬಾಸ್ ಮಾಡಿದ ಪೋಸ್ಟರಲ್ಲಿ ಕಿತ್ತಳೆ ಬಣ್ಣದ ಮೇಲೆ ಒಂದು ಬಿಳಿ ಸುರುಳಿ, ಅದ್ರೊಳಗೆ ಬೀಳ್ತಾ ಇರುವ ಎರಡು ಆಕೃತಿ. ತಲೆ ತಿರುಗಿಸೂದೇ ಆ ಸುರುಳಿ. ಅಕ್ಷರಗಳೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಸೊಟ್ಟಸೊಟ್ಟ. ಜಿಲೇಬಿಯನ್ನು ಬಿಡ್ಬೇಡಿ ನೀವು.

ಪ್ರಶ್ನೆ: ಹಳೇ ಪೋಸ್ಟರೆಲ್ಲ ನೀಲಿ ಆಗೂದು ಯಾಕೆ? (ಮಂಜೇಶ್ವರದ ಓದುಗರು)

ಉತ್ತರ: ಆಫ್‌ಸೆಟ್ ಪ್ರಿಂಟಲ್ಲಿ ನಾಲ್ಕು ಇಂಕ್: ಸಯಾನ್ (ಹಸಿರು ಛಾಯೆಯ ನೀಲಿ), ಮಜೆಂತಾ (ಗಾಢ ಗುಲಾಬಿ), ಹಳದಿ, ಕಪ್ಪು. ಬಿಸಿಲಿಗೆ ಹಳದಿ, ಮಜೆಂತಾ ಬೇಗ ಮಾಸ್ತದೆ, ಉಳಿಯೂದು ಸಯಾನಿನ ನೀಲಿ ಮತ್ತು ಕಪ್ಪು, ಅಂದ್ರೆ ಥ್ರಿಲ್ಲರಿನ ಬಣ್ಣವೇ. ಉಪ್ಪಳದ ಹತ್ರ ಒಂದು ಕಾಮಿಡಿ ಸಿನಿಮಾದ ಪೋಸ್ಟರ್ ಹಾಗೇ ಬಾಕಿ ಆಗಿದೆ, ಮದುವೆ ಊಟದ ಸೀನು, ಎಲ್ಲರೂ ನಗ್ತಾ ಇದ್ದಾರೆ, ಮದುಮಗಳ ಕೆಂಪು ಸೀರೆ ಬೂದಿ ಆಗಿದೆ, ಬಡಿಸುವವನ ಕೈಯಲ್ಲಿರುವ ಪಾಯಸದ ಸೌಟು ಈಗ ಬಸ್ಸಿಂದ ನೋಡಿದ್ರೆ ಎಂತದೋ ಆಯುಧದ ಹಾಗೆ ಕಾಣ್ತದೆ.