ಮೈಕ್ ಕೂಗಿದರೆ ಜಾಲರಿ ಮುಚ್ಚಬೇಡಿ

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಭಜನಾ ಮಂಡಳಿ. ದೇವಸ್ಥಾನದಲ್ಲಿ ನಾಲ್ಕು ವೈರ್ ಮೈಕ್ ಇಟ್ಟು ಹಾಡುತ್ತೇವೆ. ವಾಲ್ಯೂಮ್ ಸ್ವಲ್ಪ ಏರಿಸಿದರೂ ಕುಯ್ ಅಂತ ಕೂಗುತ್ತೆ, ಜಾಲರಿಯನ್ನು ಕೈಯಲ್ಲಿ ಮುಚ್ಚಿ ಹಿಡಿದರೂ ನಿಲ್ಲಲ್ಲ. ಅಂಗಡಿಯವರು ಮೈಕ್ ಹೋಗಿದೆ, ಹೊಸದು ತಗೊಳ್ಳಿ ಅಂತಾರೆ. ತಗೊಳ್ಳಬೇಕಾ?

ಬೇಡ. ಗಣಪತಿ ಕೂರಿಸುವ ದಿನ ಹತ್ತಿರ ಬಂತು ಅಂದರೆ ಮಂಡ್ಯ, ಮೈಸೂರು ಎರಡೂ ಕಡೆಯಿಂದ ನನಗೆ ಇದೇ ಪ್ರಶ್ನೆ ಬರುತ್ತೆ. ಮುಚ್ಚಿ ಹಿಡಿದರೂ ನಿಲ್ಲಲ್ಲ ಅಂತೀರಲ್ಲ, ಮುಚ್ಚಿ ಹಿಡಿಯುವುದರಿಂದಲೇ ಅದು ಜಾಸ್ತಿ ಕೂಗುವುದು. ಹಾಡುವ ಮೈಕ್ ಮುಂದಿನ ಸದ್ದನ್ನು ಚೆನ್ನಾಗಿ ಹಿಡಿದು ಹಿಂದಿನದನ್ನು ಬಿಡುವುದಕ್ಕೆ ಕಾರಣ, ಜಾಲರಿಯ ಒಳಗೆ ಕ್ಯಾಪ್ಸೂಲಿನ, ಅಂದರೆ ಸದ್ದು ಹಿಡಿಯುವ ಭಾಗದ, ಹಿಂದೆ ಇರುವ ಸಣ್ಣ ಸೀಳುಗಳು. ಹಿಂದಿನಿಂದ ಬಂದ ಸದ್ದು ಅವುಗಳಿಂದಲೂ ಒಳಗೆ ಹೋಗಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತೆ. ಅಂಗೈಯಿಂದ ಆ ದಾರಿ ಮುಚ್ಚಿದಿರಿ ಅಂದರೆ ಮೈಕ್ ಎಲ್ಲಾ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತೆ, ಸ್ಪೀಕರ್ ಸದ್ದು ಮತ್ತೆ ಮೈಕಿಗೆ, ಮೈಕಿಂದ ಮತ್ತೆ ಸ್ಪೀಕರಿಗೆ ಸುತ್ತುತ್ತೆ. ಕೂಗು ಅಂದರೆ ಅದೇ. ಟಿವಿಯಲ್ಲಿ ಯಾರೋ ಹಾಗೆ ಹಿಡಿದಿದ್ದು ನೋಡಿ ಮಕ್ಕಳೂ ಕಲೀತಿದ್ದಾರೆ, ನನಗೆ ನಿಜಕ್ಕೂ ಬೇಜಾರಾಗುತ್ತೆ. ಹಿಡಿಕೆಯ ನಡುವೆ ಹಿಡಿಯಿರಿ.

ಇನ್ನೊಂದು ತಪ್ಪು ದೂರದ್ದು. ಬಾಯಿ ಎಂಟು ಇಂಚು ದೂರ ಇದ್ದದ್ದನ್ನು ಎರಡು ಇಂಚಿಗೆ ತಂದರೆ ನಿಮ್ಮ ದನಿ ಸುಮಾರು 12 ಡೆಸಿಬೆಲ್ ಜಾಸ್ತಿ ಸಿಗುತ್ತೆ, ಅಷ್ಟು ವಾಲ್ಯೂಮ್ ಇಳಿಸಬಹುದು. ಹತ್ತಿರ ಬಂದಾಗ ದನಿ ದಪ್ಪ ಆಗುತ್ತೆ, ಮಿಕ್ಸರಿನಲ್ಲಿ ಬಾಸ್ ಇಳಿಸಿ ಸಾಕು. ಮತ್ತೆ ನಾಲ್ಕೂ ಮೈಕ್ ಯಾಕೆ ಆನ್ ಇಟ್ಟಿರುತ್ತೀರಿ? ಆನ್ ಇರುವ ಮೈಕ್ ದುಪ್ಪಟ್ಟಾದಾಗಲೆಲ್ಲ ಕೂಗು ಸುಮಾರು 3 ಡೆಸಿಬೆಲ್ ಮೊದಲೇ ಶುರುವಾಗುತ್ತೆ, ನಾಲ್ಕಕ್ಕೆ 6. ಒಬ್ಬರು ಹಾಡುವಾಗ ಉಳಿದದ್ದು ಮ್ಯೂಟ್ ಮಾಡಿ. ಸ್ಪೀಕರ್‌ಗಳು ಹಾಡುವವರಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಗರ್ಭಗುಡಿ ಪಕ್ಕ, ಹಿಂದಿನ ಗೋಡೆಗೆ ಒರಗಿಸಿ ಇಡುತ್ತಾರೆ, ಕಲ್ಲಿನ ಗೋಡೆ ಸದ್ದನ್ನು ಹಾಗೇ ವಾಪಸ್ ಎಸೆಯುತ್ತೆ. ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವ ಸ್ಪೀಕರ್, ಅಂದರೆ ಮಾನಿಟರ್, ಇದ್ದರೆ ಮೈಕಿನ ಬಾಲದ (ಕೇಬಲ್ ಸಿಕ್ಕಿಸುವ ತುದಿಯ) ನೇರಕ್ಕೆ ಇಡಿ. ಸೂಪರ್ ಕಾರ್ಡಿಯಾಯ್ಡ್ ಅನ್ನುವ ಮೈಕ್ ನೇರ ಹಿಂದಿನ ಸದ್ದನ್ನೂ ಸ್ವಲ್ಪ ಹಿಡಿಯುತ್ತೆ, ಅದಾದರೆ ಬಾಲದ ನೇರ ಬೇಡ, ಸ್ವಲ್ಪ ಬದಿಗೆ.

ಎಕೋ ಏರಿಸಿದರೆ ಕೂಗು ಮುಚ್ಚಿಹೋಗುತ್ತೆ ಅನ್ನುವವರ ಮಾತು ಕೇಳಬೇಡಿ, ಎಕೋ ಕೂಡ ಸ್ಪೀಕರಿಂದ ಬಂದು ಮೈಕಿಗೇ ಹೋಗುವ ಸದ್ದು. ಇನ್ನು ಅಂಗಡಿಯವರ ವಿಷಯ. ಹಾಳಾದ ಮೈಕ್ ಸಾಮಾನ್ಯವಾಗಿ ಕೂಗಲ್ಲ, ಸದ್ದು ಕುಗ್ಗುತ್ತೆ ಇಲ್ಲಾ ಕರಕರ ಅನ್ನುತ್ತೆ. ಕೂಗುತ್ತಿರುವ ಮೈಕನ್ನು ಹೋಗಿದೆ ಅಂದು ಭಜನೆಯವರ ದುಡ್ಡು ತೆಗೆಸುವುದು ಸರಿಯಲ್ಲ.

ಪ್ರಶ್ನೆ: ಊದಿ, ತಟ್ಟಿ ಟೆಸ್ಟ್ ಮಾಡಬಹುದಾ?

ಬೇಡವೇ ಬೇಡ. ಮಾತಾಡಿ ನೋಡಿ.

ಪ್ರಶ್ನೆ: ಆನ್‌ಲೈನಲ್ಲಿ 1,500 ರೂಪಾಯಿಗೆ ಹೊಸ ಶ್ಯೂರ್ ಎಸ್‌ಎಂ58 ಮೈಕ್ ಸಿಗುತ್ತಿದೆ, ತಗೊಳ್ಳಲಾ?

ನಕಲಿ.

ಪ್ರಶ್ನೆ: ಮೈಕ್ ವಾಸನೆ ಬರುತ್ತಿದೆ. ಸ್ಪಿರಿಟ್ ಸುರಿದು ತೊಳೆಯಿರಿ ಅಂತಾರೆ.

ಸುರಿಯಬೇಡಿ, ಒಳಗೆ ಸದ್ದಿಗೆ ಅದುರುವ ತೆಳು ಪೊರೆ (ಡಯಾಫ್ರಮ್) ಹಾಳಾಗುತ್ತೆ. ಜಾಲರಿ ಮಾತ್ರ ತಿರುಗಿಸಿ ಬಿಚ್ಚಿ, ಅದನ್ನೂ ಅದರೊಳಗಿನ ಸ್ಪಂಜನ್ನೂ ಸೋಪ್ ನೀರಲ್ಲಿ ತೊಳೆದು ಒಂದು ರಾತ್ರಿ ಪೂರ್ತಿ ಒಣಗಿಸಿ ಹಾಕಿ.

ಪ್ರಶ್ನೆ: ಕೇಬಲ್ ಪದೇಪದೇ ಕಟ್ಟಾಗುತ್ತೆ.

ಮೊಣಕೈಗೆ ಬಿಗಿಯಾಗಿ ಸುತ್ತುವುದು ಬಿಡಿ. ಸಡಿಲವಾಗಿ ದೊಡ್ಡ ಸುರುಳಿ ಮಾಡಿ.

ಪ್ರಶ್ನೆ: ಹಾಡುವಾಗ ತುಟಿಗೆ ಸಣ್ಣಗೆ ಶಾಕ್ ಹೊಡೆಯುತ್ತೆ, ಸ್ಪಂಜು ಕವರ್ ಹಾಕಿದರೆ ಸಾಕಾ?

ಸಾಲದು, ಬೆವರಿಗೆ ಸ್ಪಂಜೂ ಒದ್ದೆ ಆಗುತ್ತೆ. ಇದೊಂದರಲ್ಲಿ ನಾನು ಯಾರ ಮಾತೂ ಕೇಳಲ್ಲ. ತಪ್ಪು ಮೈಕಿನದಲ್ಲ, ಆಂಪ್ಲಿಫೈಯರ್ ಅಥವಾ ಜನರೇಟರಿನ ಅರ್ಥಿಂಗ್ ಸರಿ ಇಲ್ಲ, ಇವತ್ತು ಸಣ್ಣಗೆ ಹೊಡೆದದ್ದು ನಾಳೆ ಒದ್ದೆ ನೆಲದ ಮೇಲೆ ಜೀವವನ್ನೇ ತೆಗೆಯಬಹುದು. ಹೊಸ ಜಾಗಕ್ಕೆ ಹೋದರೆ ಮೊದಲು ಜಾಲರಿಗೆ ಟೆಸ್ಟರ್ ಇಟ್ಟು ನೋಡುತ್ತೇನೆ, ದೀಪ ಹೊತ್ತಿತು ಅಂದರೆ ಮೈಕನ್ನು ಯಾರ ಕೈಗೂ ಕೊಡಲ್ಲ. ನೀವೂ ಈಗಲೇ ಮೇನ್ ಸ್ವಿಚ್ ಆರಿಸಿ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಸರಿ ಮಾಡುವ ತನಕ ಮೈಕ್ ಇಲ್ಲದೇ ಹಾಡಿ.